ಆಗಲಿ ಎಂದವರು ನಲವತ್ತೊಂದು ಜನ

ಕಟ್ಟಬೆಟ್ಟಿನಲ್ಲಿ ಯಾರೂ ಯಾರಿಗೂ ಇಲ್ಲ ಎನ್ನುವುದಿಲ್ಲ. ಮದುವೆಯಾಗಿ ಗುಂಡ್ಲುಪೇಟೆಯಿಂದ ಈ ನೀಲಗಿರಿ ಬೆಟ್ಟ ಹತ್ತಿ ಬಂದಾಗ ನನಗಿದು ಗೊತ್ತಿರಲಿಲ್ಲ. ಬಂದ ಮೊದಲ ವರ್ಷ ಪಕ್ಕದ ಹಟ್ಟಿಯ ಕಮಲಂಳನ್ನು ಗೌರಿ ಹಬ್ಬದ ಊಟಕ್ಕೆ ಕರೆದೆ. ಅವಳು ನಗುತ್ತಾ "ಆಗಲಿ" ಅಂದಳು. ನಾನು ಒಬ್ಬಟ್ಟು ಮಾಡಿಕೊಂಡು ಸಂಜೆ ಐದರವರೆಗೆ ಬಾಗಿಲಲ್ಲಿ ನಿಂತಿದ್ದೆ. ಆಗಲಿ ಅನ್ನುವ ಮಾತು ನಮ್ಮ ಕಡೆಯೂ ಇದೆ, ಆದರೆ ನಾವು ಹಾಗಂದ ಮೇಲೆ ಹತ್ತರಲ್ಲಿ ನಾಲ್ಕು ಸಲವಾದರೂ ಹೋಗುತ್ತೇವೆ. ಇಲ್ಲಿನ ಬಡಗರಲ್ಲಿ ಅದಕ್ಕೆ ಅರ್ಥ ಬೇರೆ. ನಿಮ್ಮ ಮಾತು ಕಿವಿಗೆ ಬಿತ್ತು, ಹೇಳಿದ್ದಕ್ಕೆ ಬೇಸರವಿಲ್ಲ, ಕಾಫಿ ಕುಡಿದು ಹೊರಡಬಹುದು ಎಂದು ಅದರ ತಾತ್ಪರ್ಯ. ಇದನ್ನು ತಿಳಿಯಲು ನನಗೆ ಮೂರು ಹಬ್ಬಗಳು ಬೇಕಾದವು.

ನನ್ನ ಗಂಡ ನಂಜುಂಡೇಶನದು ರಸ್ತೆ ಬದಿಯ ದಿನಸಿ ಅಂಗಡಿ. ಅಂಗಡಿಯ ಮೇಲೆ ಒಂದು ಕೋಣೆ ಖಾಲಿ ಇತ್ತು. 1995ರ ಆಗಸ್ಟ್ ತಿಂಗಳ ಒಂದು ಮಳೆಯ ದಿನ ಅದನ್ನು ಕೇಳಿಕೊಂಡು ನಾರ್ವೆ ದೇಶದ ಹುಡುಗನೊಬ್ಬ ಬಂದ. ಇಪ್ಪತ್ತನಾಲ್ಕು ವರ್ಷ, ನಮ್ಮ ಬಾಗಿಲಿಗಿಂತ ಒಂದು ಗೇಣು ಹೆಚ್ಚು ಎತ್ತರ. ಬಗ್ಗಿ ಒಳಗೆ ಬಂದು, ಎರಡೂ ಕೈ ಜೋಡಿಸಿ, "ಎಲೈ ಸ್ತ್ರೀಯೇ, ಮೇಲಂತಸ್ತಿನ ಕೋಣೆಯು ನನಗೆ ದೊರಕುವುದೋ?" ಎಂದು ಕೇಳಿದ. ನಾನು ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದೆ. ನಂಜುಂಡೇಶ ಸಕ್ಕರೆ ಕಟ್ಟುವುದನ್ನು ನಿಲ್ಲಿಸಿದ.

ಹೆಸರು ಬರೆದು ತೋರಿಸಿದ. ಇಂಗ್ಲಿಷಿನ ಮೂರೇ ಅಕ್ಷರ. ಅವರ ದೇಶದಲ್ಲಿ ಅದನ್ನು ಊಲ ಎಂದೇನೋ ಕರೆಯುತ್ತಾರಂತೆ, ನಂಜುಂಡೇಶ ಅದನ್ನು ಓಲೆ ಎಂದು ಓದಿದ. ಓಲೆ ಎಂದರೆ ಕಾಗದ, ಪತ್ರ ಎಂದು ತಿಳಿದ ಮೇಲೆ ಹುಡುಗನಿಗೂ ಅದೇ ಹಿಡಿಸಿತು. ಆಮೇಲೆ ಆದದ್ದನ್ನೆಲ್ಲ ನೋಡಿದರೆ ನಂಜುಂಡೇಶ ಓದಿದ್ದೇ ಸರಿ.

ಓಲೆ ಬಂದದ್ದು ಅವರ ಧರ್ಮ ಸಾರುವುದಕ್ಕೆ. ಸಮುದ್ರದ ಬದಿಯ ಒಂದು ಸಣ್ಣ ಊರಿನ ಪ್ರಾರ್ಥನಾ ಮಂದಿರದವರು, ಹೆಚ್ಚೆಂದರೆ ಅರವತ್ತು ಜನ, ಸೇರಿ ಅವನನ್ನು ಕಳಿಸಿದ್ದರು. ಆ ಮಂದಿರಕ್ಕೆ ಅವನ ಅಪ್ಪನೇ ಹಿರಿಯರು. ಅವರ ಬಳಿ ಇದ್ದ ಹಳೆಯ ಪುಸ್ತಕವೊಂದರಲ್ಲಿ ನೀಲಗಿರಿಯ ಬಡಗರು ಒಂದು ಬಗೆಯ ಕನ್ನಡ ಆಡುತ್ತಾರೆ ಎಂದು ಇತ್ತಂತೆ. ಹಾಗಾಗಿ ಹುಡುಗ ನಾರ್ವೆಯಲ್ಲೇ ಕೂತು, ನೂರು ವರ್ಷದ ಹಿಂದಿನ ವ್ಯಾಕರಣ ಹಿಡಿದು, ಕನ್ನಡ ಕಲಿತು ಬಂದಿದ್ದ. ಬಂದು ನೋಡಿದರೆ ಬಡಗರ ಮಾತು ಅವನಿಗೆ ತಿಳಿಯದು, ಅವನ ಮಾತು ಬಡಗರಿಗೆ ತಿಳಿಯದು. ಕನ್ನಡ ಪಂಡಿತ ಪರೀಕ್ಷೆ ಪಾಸು ಮಾಡಿ ಸುಮ್ಮನೆ ಕೂತಿದ್ದ ನಾನು ದಿನಾ ಮಧ್ಯಾಹ್ನ ಒಂದು ಗಂಟೆ ಅವನಿಗೆ ಮನುಷ್ಯರ ಕನ್ನಡ ಹೇಳಿಕೊಡುವುದೆಂದು ನಿಶ್ಚಯವಾಯಿತು.

ನಮಗೆ ಮಕ್ಕಳಿಲ್ಲ. ಇದನ್ನು ಈಗಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಮೂರು ತಿಂಗಳಲ್ಲಿ ಅವನು ಸ್ತ್ರೀಯೇ ಬಿಟ್ಟು ಅಕ್ಕ ಎನ್ನತೊಡಗಿದ. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದರೆ ಹೆಚ್ಚಾಯಿತು ಎಂದು ಮುಖಕ್ಕೇ ಹೇಳುತ್ತಿದ್ದ. ಇಪ್ಪತ್ತು ವರ್ಷದಲ್ಲಿ ನಂಜುಂಡೇಶ ಒಂದು ಸಲವೂ ಹೇಳಿದ್ದಿಲ್ಲ.

ತಪ್ಪು ನಡೆದದ್ದು ಒಂದು ಗುರುವಾರ. ಪಾಠದ ಮಧ್ಯೆ ಓಲೆ ಕೇಳಿದ, ಈ ಊರಿನಲ್ಲಿ ಎಲ್ಲರೂ ಆಗಲಿ ಎನ್ನುತ್ತಾರಲ್ಲ, ಹಾಗೆಂದರೇನು ಎಂದು. ಆಗು ಎಂಬ ಧಾತು, ಹಾಗೆಯೇ ಆಗಲಿ, ಒಪ್ಪಿಗೆ ಎಂದೆ. ಪುಸ್ತಕದಲ್ಲಿ ಇರುವುದೂ ಅಷ್ಟೇ. ಅವನು ಪೆನ್ಸಿಲು ಕೆಳಗಿಟ್ಟು, ಹಾಗಾದರೆ ನಾವು ಪ್ರಾರ್ಥನೆಯ ಕೊನೆಗೆ ಹೇಳುವ ಆಮೆನ್ ಇದೆಯಲ್ಲ, ಅದರ ಅರ್ಥವೂ ಇದೇ ಅಲ್ಲವೇ ಎಂದ. ಆ ಹೊತ್ತಿಗೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. "ಹಾಗೇ ಅಂತ ಇಟ್ಟುಕೊ," ಎಂದು ನಾನು ಅಡುಗೆಮನೆಗೆ ಓಡಿದೆ. ಹಾಲು ಉಳಿಯಿತು.

ಆಮೇಲೆ ಮೂರು ವರ್ಷ ಓಲೆ ಮನೆ ಮನೆಗೆ ಹೋದ. ಜಗಲಿಯಲ್ಲಿ ಕೂತು, ಕೊಟ್ಟ ಕಾಫಿ ಕುಡಿದು, ದೇವರ ಮಗ ನಮಗಾಗಿ ಸತ್ತದ್ದನ್ನು ತಪ್ಪಿಲ್ಲದ ವ್ಯಾಕರಣದಲ್ಲಿ ವಿವರಿಸಿ, ಇದನ್ನು ನೀವು ನಂಬುವಿರಾ ಎಂದು ಕೇಳುತ್ತಿದ್ದ. ಜನ ಎಲ್ಲ ಕೇಳಿ, ತಲೆಯಾಡಿಸಿ, "ಆಗಲಿ" ಎನ್ನುತ್ತಿದ್ದರು. ಭಾನುವಾರ ಅವನು ಮೇಲಿನ ಕೋಣೆಯಲ್ಲಿ ಕೂತು ಮನೆಗೆ ಕಾಗದ ಬರೆಯುತ್ತಿದ್ದ. ಏನು ಬರೆಯುತ್ತಾನೆ ಎಂದು ನಾನು ಕೇಳಿದವಳಲ್ಲ. ಈ ವಾರ ಹಟ್ಟಿಯ ಹಿರಿಯ ರಂಗ ಆಮೆನ್ ಎಂದ, ಈ ವಾರ ಕಮಲಂ ಆಮೆನ್ ಎಂದಳು ಎಂದು ಬರೆಯುತ್ತಿದ್ದನಂತೆ. ಅವನಪ್ಪ ಅದನ್ನು ಮಂದಿರದಲ್ಲಿ ನಿಂತು ಓದುತ್ತಿದ್ದರಂತೆ.

ಊರಿನವರಿಗೆ ಓಲೆಯಿಂದ ನಿಜವಾಗಿ ಆದ ಉಪಕಾರವೇ ಬೇರೆ. ನಮ್ಮ ಅಂಗಡಿಯ ಎದುರಿಗೆ ಎಲೆ ತೂಗುವ ಶೆಡ್ಡು ಇದೆ. ಅರ್ಧ ಎಕರೆ, ಕಾಲು ಎಕರೆ ಟೀ ಬೆಳೆಯುವವರು ಬೆಳಿಗ್ಗೆ ಕೊಯ್ದ ಎಲೆಯನ್ನು ಮೂಟೆ ಕಟ್ಟಿ ತಂದು ಅಲ್ಲಿ ಹಾಕುತ್ತಾರೆ, ಫ್ಯಾಕ್ಟರಿಯ ಲಾರಿ ಬಂದು ಒಯ್ಯುತ್ತದೆ. ತೂಗುವವನು ಗಿರಿಧರನ್ ಎಂಬ ಏಜೆಂಟು. ತೂಕವನ್ನು ಬಾಯೊಳಗೇ ಗೊಣಗಿ, ಎಲೆ ಒದ್ದೆ ಎಂದು ಎರಡು ಕಿಲೋ, ಮೂಟೆಯ ಭಾರವೆಂದು ಒಂದು ಕಿಲೋ ಕಳೆದು ಚೀಟಿ ಬರೆಯುತ್ತಿದ್ದ. ಎಲೆ ತರುವವರು ಹೆಚ್ಚಾಗಿ ಹೆಂಗಸರು, ತಕ್ಕಡಿಯ ಮುಖ ಅವನ ಕಡೆಗೇ ಇತ್ತು, ಮುಳ್ಳು ಎಲ್ಲಿ ನಿಂತಿದೆ ಎಂದು ಅವರಿಗೆ ಕಾಣದು. ಓಲೆ ಒಂದು ದಿನ ಕನ್ನಡದ ಅಂಕಿ ಅಭ್ಯಾಸ ಮಾಡಲು ತಕ್ಕಡಿಯ ಪಕ್ಕ ನಿಂತ. "ಇಪ್ಪತ್ತಮೂರೂವರೆ," ಎಂದು ಗಟ್ಟಿಯಾಗಿ ಓದಿದ. ಚೀಟಿಯಲ್ಲಿ ಇಪ್ಪತ್ತೂವರೆ ಎಂದಿತ್ತು. ಮಾರನೆಯ ದಿನ ಕಮಲಂ ಮೇಲಿನ ಕೋಣೆಗೆ ಹೋಗಿ ಅವನನ್ನು ಕೈಹಿಡಿದು ಕರೆತಂದಳು. ಅಲ್ಲಿಂದ ಮುಂದೆ ಓಲೆ ಬಾರದೆ ಯಾರೂ ಮೂಟೆಯನ್ನು ತಕ್ಕಡಿಗೆ ಏರಿಸುತ್ತಿರಲಿಲ್ಲ. ಅವನಿಗೆ ಜ್ವರ ಬಂದ ವಾರ ಲಾರಿ ಮೂರು ದಿನ ಖಾಲಿ ಹೋಯಿತು.

1998ರ ಅಕ್ಟೋಬರಿನಲ್ಲಿ ಅವನಪ್ಪನ ಕಾಗದ ಬಂತು. ನವೆಂಬರ್ ಕೊನೆಗೆ ಅಪ್ಪ ಅಮ್ಮ ಇಬ್ಬರೂ ಬರುತ್ತಾರೆ. ಆಮೆನ್ ಎಂದ ನಲವತ್ತೊಂದು ಜನರನ್ನು ಒಂದು ಭಾನುವಾರ ಒಟ್ಟಿಗೆ ನೋಡುತ್ತಾರೆ. ಕೆಲಸ ಬೇರು ಬಿಟ್ಟಿದ್ದರೆ ಓಲೆ ಇನ್ನು ಐದು ವರ್ಷ ಇರಬಹುದು, ಇಲ್ಲವಾದರೆ ವಸಂತದ ಹೊತ್ತಿಗೆ ವಾಪಸು ಬಂದು ಅಪ್ಪನ ಜೊತೆ ಮೀನು ಇಳಿಸುವ ಕಟ್ಟೆಯಲ್ಲಿ ಕೆಲಸಕ್ಕೆ ಸೇರಬೇಕು. ಓಲೆ ಹಟ್ಟಿಯಲ್ಲೆಲ್ಲ ಓಡಾಡಿ, ಆ ಭಾನುವಾರ ಎಲ್ಲರೂ ಬರಬೇಕೆಂದು ಹೇಳಿದ. ಎಲ್ಲರೂ ಆಗಲಿ ಎಂದರು. ಅವನು ಕುಣಿಯುತ್ತಾ ಮನೆಗೆ ಬಂದ.

ಅದೇ ಸಂಜೆ ಅಂಗಡಿಗೆ ಒಬ್ಬ ವಿಮೆ ಏಜೆಂಟು ಬಂದು ಅರ್ಧ ಗಂಟೆ ಮಾತಾಡಿದ. ನಂಜುಂಡೇಶನೂ ಈ ಊರಿನ ಗಾಳಿ ಕುಡಿದವನು. "ಆಗಲಿ, ಸೋಮವಾರ ಬನ್ನಿ," ಎಂದ. ಆತ ತಿರುವು ದಾಟಿದ್ದೇ ನನ್ನ ಕಡೆ ತಿರುಗಿ, ಸೋಮವಾರ ಅಂಗಡಿ ಮುಚ್ಚಿ ಕೋಟಗಿರಿಗೆ ಹೋಗೋಣ ಎಂದ. ಓಲೆ ಅಲ್ಲೇ ಆಲೂಗಡ್ಡೆ ಮೂಟೆಯ ಪಕ್ಕ ನಿಂತಿದ್ದ. ನಂಜುಂಡೇಶನನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಮೂಟೆಯ ಮೇಲೆ ಕೂತು ನಿಧಾನವಾಗಿ, ಅಕ್ಕ, ಆಗಲಿ ಅಂದರೆ ಏನು ಎಂದು ಕೇಳಿದ. ಮೂರು ವರ್ಷದ ಹಿಂದೆ ಕೇಳಿದ್ದ ಪ್ರಶ್ನೆಯೇ. ಈ ಸಲ ನಾನು ಪೂರ್ತಿ ಹೇಳಿದೆ. ಹಾಲಿನ ಕಥೆಯನ್ನೂ ಹೇಳಿದೆ.

"ನಲವತ್ತೊಂದು ಜನವೂ?" ಅಂದ.

ನಲವತ್ತೊಂದು ಜನವೂ ಎಂದೆ.

ಅವನು ಅಳಲಿಲ್ಲ. ಮೂಟೆಯಿಂದ ಹೊರಬಿದ್ದ ಒಂದು ಆಲೂಗಡ್ಡೆಯನ್ನು ತೆಗೆದು ಮತ್ತೆ ಒಳಗೆ ಹಾಕಿದ. ತನಗೆ ವಾಪಸು ಹೋಗಲು ಇಷ್ಟವಿಲ್ಲ ಎಂದ. ಅಲ್ಲಿ ಬೆಳಿಗ್ಗೆ ತಾನು ಬಾರದಿದ್ದರೆ ಯಾರೂ ಕಾಯುವುದಿಲ್ಲ ಎಂದ. ನನಗೂ ಅವನು ಹೋಗುವುದು ಬೇಡವಾಗಿತ್ತು, ಅದಕ್ಕೆ ನಾನೊಂದು ಉಪಾಯ ಹೇಳಿದೆ. ನಿನ್ನಪ್ಪನಿಗೆ ಕನ್ನಡ ಬರದು. ಅವರು ಕೇಳುತ್ತಾರೆ, ಜನ ಆಗಲಿ ಎನ್ನುತ್ತಾರೆ, ಪುಸ್ತಕದಲ್ಲಿರುವ ಅರ್ಥವನ್ನು ನೀನು ಹೇಳು. ಅದರಲ್ಲಿ ಸುಳ್ಳೇನೂ ಇಲ್ಲ.

"ಅಕ್ಕ, ನಾನು ತೂಕ ಓದುವವನು," ಎಂದು ಅವನು ಎದ್ದು ಮೇಲೆ ಹೋದ. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಆ ರಾತ್ರಿ ಸಾರಿಗೆ ಉಪ್ಪು ಹೆಚ್ಚೇ ಹಾಕಿದೆ.

ಅಪ್ಪನ ಹೆಸರು ಆಂಡರ್ಸ್, ಅಮ್ಮನದು ಮಾರಿತ್. ಆಕೆ ಕಾರಿನಿಂದ ಇಳಿದ ಅರ್ಧ ಗಂಟೆಯಲ್ಲಿ ಹಟ್ಟಿಗೆಲ್ಲ ಮಾರಿಯಮ್ಮ ಆದರು. ಆ ಹೆಸರಿನಿಂದಾಗಿ ಅವರಿಗೆ ಸಿಕ್ಕ ಗೌರವವನ್ನು ನಾನು ಅವರಿಗೆ ವಿವರಿಸಲಿಲ್ಲ. ಆಂಡರ್ಸ್ ಅರವತ್ತೊಂದರ ಗಟ್ಟಿ ಆಳು, ನಗುವುದು ಕಡಿಮೆ. ಕೊಯಮತ್ತೂರಿನಿಂದ ಹತ್ತಿ ಬಂದ ತಿರುವುಗಳಿಗೆ ಮುಖ ಬಿಳಿಚಿಹೋಗಿತ್ತು, ಆದರೂ ಎರಡು ಪೆಟ್ಟಿಗೆಗಳನ್ನು ಯಾರ ಕೈಗೂ ಕೊಡದೆ ತಾವೇ ಹೊತ್ತು ತಂದರು. ಅವುಗಳ ತುಂಬ ಉಣ್ಣೆಯ ಟೊಪ್ಪಿಗಳಿದ್ದವು, ನಲವತ್ತೊಂದು. ಓಲೆಯ ಕಾಗದದಲ್ಲಿ ಹೊಸ ಹೆಸರು ಬಂದಾಗಲೆಲ್ಲ ಮಂದಿರದ ಹೆಂಗಸರು ಒಂದೊಂದು ಟೊಪ್ಪಿ ಹೆಣೆದು, ಒಳಗೆ ಹೆಸರು ಕಸೂತಿ ಹಾಕಿದ್ದರು. ಮಾರಿತ್ ಒಂದನ್ನು ತೆಗೆದು ತೋರಿಸಿದರು. ರಂಗ ಎಂದಿತ್ತು. ಓಲೆ ಆ ಟೊಪ್ಪಿಯನ್ನು ನೋಡಿ ಮೆಟ್ಟಿಲ ಕಡೆ ಮುಖ ತಿರುಗಿಸಿದ.

ಭಾನುವಾರ ಹಟ್ಟಿಯ ಅಂಗಳಕ್ಕೆ ಯಾರೂ ಬರುವುದಿಲ್ಲ ಎಂದು ನಾನು ಖಂಡಿತವಾಗಿ ನಂಬಿದ್ದೆ. ಬಂದವರು ಎಪ್ಪತ್ತು ಜನ. ಆಗಲಿ ಎಂದದ್ದಕ್ಕೆ ಬಂದದ್ದಲ್ಲ, ಕಮಲಂ ಮನೆ ಮನೆಗೆ ಹೋಗಿ ಓಲೆಯ ಅಪ್ಪ ಅಮ್ಮ ಬಂದಿದ್ದಾರೆ ಎಂದು ಹೇಳಿದ್ದಕ್ಕೆ ಬಂದದ್ದು. ಯಾರದೇ ತಾಯಿ ತಂದೆ ದೂರದಿಂದ ಬಂದರೆ ಹೋಗಿ ತಲೆ ಬಾಗಿಸಬೇಕು, ಅವರು ತಲೆ ಮುಟ್ಟಿ ಬದುಕು ಬದುಕು ಎಂದು ಹರಸಬೇಕು. ಬಡಗರಲ್ಲಿ ಇದು ಬಿಡುವಂಥದ್ದಲ್ಲ. ವಯಸ್ಸಿನಲ್ಲಿ ಕಿರಿಯರು ಬಾಗುವುದು, ಹಿರಿಯರು ಮುಟ್ಟುವುದು.

ಹಟ್ಟಿಯ ಹಿರಿಯ ರಂಗ ಮೊದಲು ಮುಂದೆ ಬಂದ. ಇವರಿಗೆಷ್ಟು ವಯಸ್ಸು ಎಂದು ನನ್ನನ್ನು ಕೇಳಿದ. ಅರವತ್ತೊಂದು ಎಂದೆ. ರಂಗನಿಗೆ ಅರವತ್ತೆಂಟು. ಅವನು ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ನಿಂತ. ಆಂಡರ್ಸ್ ಆ ಕೈ ಹಿಡಿದು ಕುಲುಕಿದರು. ಅವರ ಪಂಗಡದಲ್ಲಿ ಮನುಷ್ಯರ ಮುಂದೆ ತಲೆ ಬಾಗಿಸುವಂತಿಲ್ಲ ಎಂದು ಓಲೆ ನನಗೆ ಹಿಂದೆಯೇ ಹೇಳಿದ್ದ. ರಂಗ ಕುಲುಕಿಸಿಕೊಂಡ ಕೈಯನ್ನು ಒಂದು ಸಲ ನೋಡಿ ಸುಮ್ಮನೆ ಪಕ್ಕಕ್ಕೆ ನಿಂತ. ಉಳಿದವರು ಸಾಲಾಗಿ ಬಂದು ಬಾಗಿದರು. ಎದುರಿಗೆ ಬಾಗಿದ ತಲೆಯನ್ನು ಏನು ಮಾಡಬೇಕೆಂದು ಆಂಡರ್ಸ್‌ಗೆ ತಿಳಿಯಲಿಲ್ಲ. ರಂಗ ಅವರ ಕೈ ಹಿಡಿದು ಕಮಲಂಳ ತಲೆಯ ಮೇಲಿಟ್ಟ. ಆಮೇಲೆ ಅವರೇ ಇಡುತ್ತಾ ಹೋದರು. ಕಣ್ಣಲ್ಲಿ ನೀರಿತ್ತು. ಮಾರಿತ್ ಪಕ್ಕದಲ್ಲಿ ನಿಂತು ಹೆಸರು ಕೇಳಿ ಟೊಪ್ಪಿ ಹಂಚಿದರು. ಟೊಪ್ಪಿ ಸಿಗದ ಇಪ್ಪತ್ತೊಂಬತ್ತು ಜನ ಇದರಲ್ಲೇನೋ ಮೋಸವಿದೆ ಎಂದುಕೊಂಡರು.

ಎಲ್ಲ ಮುಗಿದ ಮೇಲೆ ಆಂಡರ್ಸ್ ನನ್ನನ್ನು ಕರೆದರು. ಮಗನ ಬಾಯಿಂದಲ್ಲ, ಬೇರೆಯವರ ಬಾಯಿಂದ ಕೇಳಬೇಕು ಎಂದು ಅವರಿಗಿತ್ತು. ಇಂಗ್ಲಿಷಿನಲ್ಲಿ ಒಂದೊಂದೇ ಪದ ಬಿಡಿಸಿ, ಈ ಹಿರಿಯರು ನಮ್ಮ ಒಡೆಯನನ್ನು ನಂಬುತ್ತಾರೆಯೇ ಕೇಳಿ ಎಂದರು. ನಾನು ಕೇಳಿದೆ. ರಂಗ ಹೊಸ ಟೊಪ್ಪಿಯನ್ನು ಕಿವಿಯ ಮೇಲೆ ಸರಿಯಾಗಿ ಎಳೆದುಕೊಂಡು, ಆಂಡರ್ಸ್ ಮುಖವನ್ನೇ ನೋಡುತ್ತಾ, "ಆಗಲಿ" ಎಂದ.

ಆಂಡರ್ಸ್ ನನ್ನ ಕಡೆ ತಿರುಗಿದರು. ನನ್ನ ಬಾಯಲ್ಲಿ ಪುಸ್ತಕದ ಅರ್ಥ ಸಿದ್ಧವಾಗಿತ್ತು. ಅದನ್ನು ಹೇಳಿದರೆ ಹುಡುಗ ಐದು ವರ್ಷ ನಮ್ಮ ಮನೆಯಲ್ಲಿ ಇರುತ್ತಾನೆ. ಹೇಳುವುದಕ್ಕೆ ನಾನು ಬಾಯಿ ತೆರೆದೂ ಇದ್ದೆ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಓಲೆ ನಡುವೆ ಬಂದು ಅವರ ಭಾಷೆಯಲ್ಲಿ ಮಾತಾಡಿದ. ತುಂಬ ಹೊತ್ತು ಮಾತಾಡಿದ. ನನಗೆ ತಿಳಿದದ್ದು ಅದರಲ್ಲಿ ಆಗಾಗ ಬರುತ್ತಿದ್ದ ಆಗಲಿ ಎಂಬ ಒಂದೇ ಪದ. ಕೊನೆಗೆ ಅವನಪ್ಪನೂ ಅದನ್ನು ಒಂದು ಸಲ ಹೇಳಿ ನೋಡಿದರು, ಪ್ರಶ್ನೆಯ ಹಾಗೆ. ಓಲೆ ತಲೆಯಾಡಿಸಿದ.

ಏನಾಯಿತು ಎಂದು ರಂಗ ನನ್ನನ್ನು ಕೇಳಿದ. ನೀವೆಲ್ಲ ಹೂಂ ಎಂದಿದ್ದೀರಿ ಎಂದು ಇವರು ತಿಳಿದಿದ್ದರು, ಹಾಗಲ್ಲ ಎಂದು ಈಗ ಗೊತ್ತಾಯಿತು ಎಂದೆ. ರಂಗನಿಗೆ ನಿಜವಾಗಿ ನೋವಾಯಿತು. "ಎಂಗ ಅವಂಗೆ ಇಲ್ಲೆ ಎಂದು ಒಂದು ದಿನವೂ ಹೇಳಲಿಲ್ಲೆ," ಎಂದ. ನಾವು ಅವನಿಗೆ ಎಂದೂ ಇಲ್ಲ ಎಂದವರಲ್ಲ ಎಂದು ಅದನ್ನೂ ನಾನು ಭಾಷಾಂತರಿಸಿದೆ. ಆಂಡರ್ಸ್ ಕೊಟ್ಟ ಟೊಪ್ಪಿಗಳನ್ನು ವಾಪಸು ಕೇಳಲಿಲ್ಲ, ಅಷ್ಟು ಹೇಳಬೇಕು.

ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಆಂಡರ್ಸ್ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಎದುರಿನ ಶೆಡ್ಡಿನಲ್ಲಿ ಮೂಟೆಗಳು ಸಾಲಾಗಿ ಬಂದಿದ್ದವು. ಸಣ್ಣ ಮಳೆ ಇತ್ತು. ಹೆಂಗಸರು ಪ್ಲಾಸ್ಟಿಕ್ ಹೊದ್ದು, ಅದರ ಮೇಲೆ ನಾರ್ವೆಯ ಟೊಪ್ಪಿ ಹಾಕಿ ನಿಂತಿದ್ದರು. ಗಿರಿಧರನ್ ಕಾಯುತ್ತಿದ್ದ, ಲಾರಿ ಕಾಯುತ್ತಿತ್ತು. ಇವರೆಲ್ಲ ಯಾರಿಗೆ ಕಾಯುತ್ತಿದ್ದಾರೆ ಎಂದು ಆಂಡರ್ಸ್ ನನ್ನನ್ನು ಕೇಳಿದರು. ನಿಮ್ಮ ಮಗನಿಗೆ ಎಂದೆ. ಓಲೆ ಇಳಿದು ಬಂದ, ರಸ್ತೆ ದಾಟಿ ತಕ್ಕಡಿಯ ಪಕ್ಕ ನಿಂತ. "ಹತ್ತೊಂಬತ್ತೂ ಕಾಲು." ಗಿರಿಧರನ್ ಬರೆದ. "ಮೂವತ್ತೊಂದು." ಬರೆದ.

ಆಂಡರ್ಸ್ ತಮ್ಮೂರಿನ ಕಟ್ಟೆಯಲ್ಲಿ ಮೂವತ್ತೈದು ವರ್ಷ ಮೀನು ತೂಗಿದವರು ಎಂದು ಮಾರಿತ್ ಆಮೇಲೆ ನನಗೆ ಹೇಳಿದರು. ಆ ಬೆಳಿಗ್ಗೆ ನಾನು ಕಂಡದ್ದಿಷ್ಟು. ಅವರು ಎದ್ದು ಶೆಡ್ಡಿಗೆ ಹೋದರು. ಖಾಲಿ ತಕ್ಕಡಿಯ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆಯೇ ಎಂದು ಬಗ್ಗಿ ನೋಡಿದರು. ಬೆರಳಲ್ಲಿ ಒಂದು ಸಲ ತಟ್ಟಿದರು. ಆಮೇಲೆ ಕೊನೆಯ ಮೂಟೆ ಇಳಿಯುವವರೆಗೆ, ಒಂದೂವರೆ ಗಂಟೆ, ಮಳೆಯಲ್ಲಿ ಅಲ್ಲೇ ನಿಂತರು.

ಬುಧವಾರ ಹೊರಟರು. ಕಾರಿನ ಹತ್ತಿರ ಹಟ್ಟಿಯವರೆಲ್ಲ ಬಂದಿದ್ದರು. ಆಂಡರ್ಸ್ ನೇರವಾಗಿ ರಂಗನ ಮುಂದೆ ಹೋಗಿ, ಹ್ಯಾಟು ತೆಗೆದು, ಬೋಳು ತಲೆಯನ್ನು ಬಾಗಿಸಿದರು. ಓಲೆ ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟ. ರಂಗನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ, ತಡವಾಯಿತು ಅಷ್ಟೇ. ತಲೆ ಮುಟ್ಟಿ "ಬದುಕು, ಬದುಕು" ಎಂದ.

ಆಂಡರ್ಸ್ ನೆಟ್ಟಗಾಗಿ ಮಗನ ಕಡೆ ತಿರುಗಿದರು. ಮಂದಿರದವರಿಗೆ ಹೇಳಲು ಒಂದು ಮಾತು ಬೇಕಲ್ಲ. ನಾವೆಲ್ಲ ಸಾಕ್ಷಿಯಾಗಿರಬೇಕು ಎಂದೋ ಏನೋ ಇಂಗ್ಲಿಷಿನಲ್ಲೇ ಹೇಳಿದರು. "ವಸಂತಕ್ಕೆ ನೀನು ಮನೆಗೆ ಬರಬೇಕು."

ಓಲೆ ಅಪ್ಪನ ಮುಖವನ್ನು ನೋಡಿದ, ಎಲೆ ಶೆಡ್ಡನ್ನು ನೋಡಿದ.

"ಆಗಲಿ," ಎಂದ.

ಭಾನುವಾರ ಕಲಿತ ಪದ ಆಂಡರ್ಸ್‌ಗೆ ಮರೆತಿರಲಿಲ್ಲ. ಹ್ಯಾಟು ಹಾಕಿಕೊಂಡು, ಮಗನ ಭುಜ ಒಂದು ಸಲ ಗಟ್ಟಿಯಾಗಿ ಹಿಡಿದು ಬಿಟ್ಟು, ಕಾರಿನಲ್ಲಿ ಕೂತರು.

ಭಾನುವಾರ ಓಲೆ ಆ ಪದ ಬಿಡಿಸುವಾಗ ಟೊಪ್ಪಿ ಸಿಗದವರ ನಡುವೆ ಸಿಕ್ಕಿಕೊಂಡಿದ್ದ ಮಾರಿತ್ ಕಾರಿನ ಬಾಗಿಲು ಹಿಡಿದುಕೊಂಡೇ ನನ್ನ ಹತ್ತಿರ ಬಗ್ಗಿ, ಅವನು ಏನೆಂದ ಎಂದು ಕೇಳಿದರು. ನನಗೆ ಎರಡು ಅರ್ಥವೂ ಗೊತ್ತಿತ್ತು. ಅವರು ವಿಮಾನದಲ್ಲಿ ಅಷ್ಟು ದೂರ ಹೋಗಬೇಕು, ಚಳಿಗಾಲವಿಡೀ ಆ ಮನೆಯಲ್ಲಿ ಇಬ್ಬರೇ ಇರಬೇಕು, ಪುಸ್ತಕದ ಅರ್ಥ ಹೇಳಿದರೆ ಒಂದಷ್ಟು ತಿಂಗಳು ಹಗುರಾಗಿ ಕಳೆಯುತ್ತದೆ. ಆದರೆ ಹಿಂದಿನ ಸಲ ಹಾಲು ಉಕ್ಕುತ್ತಿತ್ತು. ಈ ಸಲ ನನ್ನ ಒಲೆಯ ಮೇಲೆ ಏನೂ ಇರಲಿಲ್ಲ.

"ಬರುವುದಿಲ್ಲ ಎಂದ," ಎಂದೆ.

ಈ ಊರಿಗೆ ಬಂದ ಮೇಲೆ ನಾನು ಒಬ್ಬರ ಮುಖಕ್ಕೆ ಇಲ್ಲ ಎಂದದ್ದು ಅದೇ ಮೊದಲು. ಹೇಳುವಾಗ ನನಗೆ ಅಳು ಬಂತು. ಅದರಲ್ಲಿ ಎಷ್ಟು ಅವರಿಗಾಗಿ, ಎಷ್ಟು ನನ್ನ ಸಂತೋಷಕ್ಕಾಗಿ ಎಂದು ಓಲೆ ಬಂದು ಓದಿದರೂ ಸರಿಯಾಗಿ ಹೇಳಲಾರ.

ಮಾರಿತ್ ಅಳಲಿಲ್ಲ. ಕೈಚೀಲದೊಳಗೆ ಕೈಹಾಕಿ ಇನ್ನೊಂದು ಟೊಪ್ಪಿ ತೆಗೆದರು. ನಲವತ್ತೆರಡನೆಯದು, ಎಲ್ಲಕ್ಕಿಂತ ದೊಡ್ಡದು. ಊರಿಗೆ ಹಿಂದಿರುಗಿದ ದಿನ ಮಗನಿಗೆ ತೊಡಿಸಬೇಕೆಂದು ಹೆಣೆದದ್ದಂತೆ. ಅದನ್ನು ನನ್ನ ಕೈಗಿಟ್ಟು, ಇಲ್ಲಿ ಜನವರಿಯಲ್ಲಿ ಇಬ್ಬನಿ ಗಡ್ಡೆ ಕಟ್ಟುತ್ತದೆ ಎಂದು ಅವನೇ ಬರೆದಿದ್ದ, ಬೆಳಿಗ್ಗೆ ತೂಕ ಓದಲು ಹೊರಡುವಾಗ ನೆನಪಿಸಿ ಹಾಕಿಸಿ ಎಂದರು.